ಮುಳ್ಳಯ್ಯನಗಿರಿಗೆ ಹೋಗುವಾಗ ಥರ್ಮಾಮೀಟರ್ ಇರಲಿ

ದಸರಾ ರಜೆ ಬಂತೆಂದರೆ ಚಿಕ್ಕಮಗಳೂರಿನ ಗಿರಿಗಳ ಕಡೆಗೆ ಕಾರುಗಳ ಸಾಲು ಹೊರಡುತ್ತದೆ. ಬೆಳಿಗ್ಗೆ ಮುಳ್ಳಯ್ಯನಗಿರಿ, ಮಧ್ಯಾಹ್ನ ಬಾಬಾಬುಡನ್‌ಗಿರಿ, ಆಮೇಲೆ ಮಾಣಿಕ್ಯಧಾರಾ, ಸಂಜೆಗೆ ವಾಪಸು. ಫೋಟೊಗಳೂ ಬೇಕಾದಷ್ಟಾಗುತ್ತವೆ. ಆದರೆ 1,930 ಮೀಟರ್ ಎತ್ತರದ, ಕರ್ನಾಟಕದಲ್ಲೇ ಅತಿ ಎತ್ತರವಾದ ಶಿಖರವನ್ನು ಹತ್ತಿದ್ದು ಹೆಚ್ಚಿನ ಪಾಲು ಕಾರೇ!

ಸರ್ಪದಾರಿ ಎಂಬಲ್ಲಿಂದ ಶಿಖರಕ್ಕೆ ಮೂರು-ನಾಲ್ಕು ಕಿಲೋಮೀಟರ್ ಕಾಲುಹಾದಿ ಇದೆ. ಹಾವು ಹರಿದಂತೆ ಹುಲ್ಲಿನ ಏಣಿನ ಮೇಲೆ ಏರುವ ದಾರಿ. ನೆರಳು ಕಡಿಮೆ, ಗಾಳಿ ಜೋರು. ಹೈಸ್ಕೂಲು ಮಕ್ಕಳಿಗೆ ಇದೇನೂ ದೊಡ್ಡ ಕಷ್ಟವಲ್ಲ. ಏದುಸಿರು ಬರುವುದು ಜೊತೆಗೆ ಬರುವ ಅಪ್ಪ-ಅಮ್ಮಂದಿರಿಗೆ. ಚೀಲದಲ್ಲಿ ನೀರು, ಬುತ್ತಿಯ ಜೊತೆಗೆ ಒಂದು ಸಾಧಾರಣ ಥರ್ಮಾಮೀಟರ್ ಇದ್ದರೆ ಪಾಠವೂ ಆಗುತ್ತದೆ. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಪೇಟೆಯಿಂದ ಶಿಖರ ಸುಮಾರು ಎಂಟುನೂರು ಮೀಟರ್ ಮೇಲಿದೆ. ಲೆಕ್ಕಕ್ಕೆ ಐದು ಡಿಗ್ರಿ ವ್ಯತ್ಯಾಸ. ನೆರಳಿನಲ್ಲಿ ಹಿಡಿದು ನೋಡಿದಾಗ ಮೂರೋ ಏಳೋ ಬಂದರೆ ಇನ್ನೂ ಒಳ್ಳೆಯದು. ಯಾಕೆ ಹೀಗಾಯಿತೆಂದು ಮಕ್ಕಳು ಮೋಡವನ್ನೂ ಗಾಳಿಯನ್ನೂ ಗಡಿಯಾರವನ್ನೂ ನೋಡತೊಡಗುತ್ತಾರೆ. ಅಷ್ಟೆತ್ತರದಲ್ಲಿ ನೀರು ನೂರರ ಬದಲು 93-94 ಡಿಗ್ರಿಗೇ ಕುದಿಯುತ್ತದೆ ಎಂಬುದನ್ನು ಮಾತ್ರ ಓದಿಯೇ ತಿಳಿಯಬೇಕು. ಅಲ್ಲಿ ಒಲೆ ಹೊತ್ತಿಸುವುದು ಬೇಡ. ಒಣಹುಲ್ಲಿಗೆ ಒಂದು ಕಿಡಿ ಸಾಕು.

ಈ ಹುಲ್ಲಿನ ಬೆಲೆ ಬಹಳ ಜನಕ್ಕೆ ಗೊತ್ತಿಲ್ಲ. "ಗುಡ್ಡವೆಲ್ಲ ಬೋಳು, ಒಂದು ಮರವಾದರೂ ನೆಡಬಾರದಿತ್ತೇ?" ಎಂದು ಹಾದಿಯಲ್ಲಿ ತಂದೆಯೊಬ್ಬರು ಗೊಣಗಿದರು. ಹತ್ತನೆಯ ತರಗತಿಯ ಮಗಳು ಉತ್ತರ ಕೊಡಲಿಲ್ಲ. ಬಾಟಲಿಯಿಂದ ಒಂದು ಮುಚ್ಚಳ ನೀರನ್ನು ಜನ ತುಳಿದು ಗಟ್ಟಿಯಾದ ಹಾದಿಗೆ ಸುರಿದಳು. ಅದು ಮಣ್ಣು ಕೆದರಿಕೊಂಡು ಕೆಳಗೆ ಹರಿಯಿತು. ಇನ್ನೊಂದು ಮುಚ್ಚಳವನ್ನು ಹುಲ್ಲಿನ ಬುಡಕ್ಕೆ ಸುರಿದಳು. ಅದು ಕಾಣಿಸಲೇ ಇಲ್ಲ. "ಎಲ್ಲಿ ಹೋಯಿತು, ಹೇಳಿ ಅಪ್ಪಾ?" ಅಪ್ಪ ಬಗ್ಗಿ ನೋಡಿದರು.

ಹೀಗೆ ಒಳಗಿಳಿದ ಮಳೆನೀರನ್ನು ಹುಲ್ಲುಗಾವಲೂ ಕಣಿವೆಯ ಮಡಿಕೆಗಳಲ್ಲಿರುವ ಕುಳ್ಳು ಮರಗಳ ಶೋಲಾ ಕಾಡೂ ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಈ ಗಿರಿಸಾಲಿನ ಒಂದು ಮಗ್ಗುಲ ಹಳ್ಳಗಳು ಭದ್ರೆಗೆ ಸೇರುತ್ತವೆ. ಪೂರ್ವಕ್ಕೆ ಇಳಿಯುವ ವೇದಾ, ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ ಬಯಲುಸೀಮೆಗೆ ಹೋಗುತ್ತವೆ. ಹಿರಿಯೂರಿನ ಬಳಿ, 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಇರುವುದು ಈ ನದಿಗೇ. ಇಲ್ಲಿ ಜೀಪು ಹುಲ್ಲಿನ ಮೇಲೆ ಹತ್ತಿದರೆ ನಷ್ಟ ಅಲ್ಲಿನ ತೋಟಗಳಿಗೂ ಉಂಟು.

2022ರಲ್ಲಿ ಈ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ಹೂವು ಕಿತ್ತರೆ ಬೀಜ ಎಲ್ಲಿಂದ ಬರಬೇಕು? ಆ ಬೀಜಗಳ ಸರದಿ ಇನ್ನು 2034ಕ್ಕೆ. ಆ ಹುಡುಗಿ ಅಷ್ಟರಲ್ಲಿ ಕೆಲಸಕ್ಕೆ ಸೇರಿರುತ್ತಾಳೆ.

ಇನ್ನು ತಾಯಂದಿರ ಭಯ, ಜಿಗಣೆಯದು. ಮಳೆಗಾಲದಲ್ಲಿ ಶೋಲಾದ ಅಂಚಿನಲ್ಲಿ ಅವು ಹತ್ತುವುದು ನಿಜ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿರುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೆ. ನಿಜವಾಗಿ ಹೆದರಬೇಕಾದದ್ದು ಮಂಜಿಗೆ. ಹತ್ತು ನಿಮಿಷದಲ್ಲಿ ಕವಿದು ಹತ್ತಡಿ ಮುಂದಿನದೂ ಕಾಣದಂತೆ ಮಾಡಿಬಿಡುತ್ತದೆ. ಆಗ ಇದ್ದಲ್ಲೇ ಗುಂಪಾಗಿ ಕುಳಿತು ತಿಳಿಯಾಗುವವರೆಗೆ ಕಾಯಬೇಕು. ಗುಡುಗು ಕೇಳಿಸಿದರೆ ಮಾತ್ರ ಏಣಿನ ಮೇಲೆ ನಿಲ್ಲದೆ ತಗ್ಗಿಗೆ ಇಳಿಯಬೇಕು.

ಹೊರಡುವ ಮೊದಲು ಹಾದಿ ತೆರೆದಿದೆಯೇ, ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಬೆಳಿಗ್ಗೆ ಏಳಕ್ಕೆ ಹತ್ತಲು ಶುರುಮಾಡಿದರೆ ಬಿಸಿಲೇರುವ ಮೊದಲೇ ಮುಳ್ಳಪ್ಪಸ್ವಾಮಿಯ ಪುಟ್ಟ ಗುಡಿಯ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚಬಹುದು.