ಕೌಲ್ ಬಜಾರಿನ ಸದ್ದಿನ ನಡುವೆ

ಬಳ್ಳಾರಿಯ ಕೌಲ್ ಬಜಾರನ್ನು ಕಣ್ಣು ಮುಚ್ಚಿಕೊಂಡೂ ಗುರುತು ಹಿಡಿಯಬಹುದು. 'ಕೌಲು' ಎಂದರೆ ಕರಾರು, ಕೊಟ್ಟ ಮಾತು. ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಿದ್ದಾಗ ಅದರ ಪೇಟೆಯಾಗಿ ಬೆಳೆದ ಜಾಗವಿದು. ದಂಡು ಹೋಯಿತು, ಹೆಸರು ಉಳಿಯಿತು. ಈಗ ಇಲ್ಲಿಯ ಓಣಿಗಳಲ್ಲಿ ಜೀನ್ಸ್ ಹೊಲಿಗೆ. ತೆರೆದ ಬಾಗಿಲೊಳಗೆ ನಾಲ್ಕಾರು ಯಂತ್ರಗಳು, ನೀಲಿ ಬಟ್ಟೆಯ ರಾಶಿ, ಬೆಳಗಿನಿಂದ ರಾತ್ರಿಯವರೆಗೂ ಗಡಗಡ ಸದ್ದು.

ಹೋದ ಬೇಸಿಗೆಯಲ್ಲಿ ಅಂಥದೊಂದು ಮನೆಗೆ ಹೋಗಿದ್ದೆ. ಗೆಳೆಯ ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದಾನೆ. ಅವನಿಗೆ ಯಾವ ಮಾತನ್ನಾದರೂ ಎರಡು ಸಲ ಹೇಳಬೇಕು. ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ಹಳೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಗೇಮ್ ಆಡುವ ಯಂತ್ರ ಮಾಡಿಕೊಂಡಿದ್ದ. ಹೆಡ್‌ಸೆಟ್, ಕೀಬೋರ್ಡ್, ಮೌಸ್ ಮೂರಕ್ಕೂ ಸೇರಿ ಅಪ್ಪ ಕೊಟ್ಟದ್ದು ಐದು ಸಾವಿರ.

"ಸೌಂಡ್ ಜೋರ್ ಇರೋದ್ ನೋಡಿ ಕೊಡಸ್ರಿ ಅಂಕಲ್. ಮಷೀನ್ ಸದ್ದಿನಾಗ ಏನೂ ಕೇಳ್ಸಂಗಿಲ್ಲ" ಎಂದ ಹುಡುಗ.

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಹೊರಗಿನ ಸದ್ದನ್ನು ಮುಳುಗಿಸಲು ಒಳಗಿನ ಸದ್ದು ಏರಿಸುತ್ತ ಹೋದರೆ ಈ ಹುಡುಗ ಅಪ್ಪನ ದಾರಿಯನ್ನೇ ಹಿಡಿಯುತ್ತಾನೆ, ಅದೂ ಬೇಗ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬಲ್ ಸದ್ದನ್ನು ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗಲೂ ಈ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್ ಆದರೆ ದೊಡ್ಡವರಿಗೂ ವಾರಕ್ಕೆ ನಾಲ್ಕೇ ಗಂಟೆ. ದಿನಕ್ಕೆರಡು ಗಂಟೆ ಆಡುವವನ ಪಾಲು ಎರಡೇ ದಿನದಲ್ಲಿ ಖರ್ಚು!

ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ನಾವು ಹುಡುಕಿದ್ದು ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಬಂದ್ ಇರುವ ಹೆಡ್‌ಸೆಟ್. ಹೊರಗಿನ ಸದ್ದು ತಡೆದಷ್ಟೂ ಒಳಗೆ ಕಡಿಮೆ ಸಾಕು. ಅಂಗಡಿಯವನು ಬಣ್ಣದ ದೀಪ ಮಿನುಗುವ '7.1' ಎಂಬುದನ್ನು ಮುಂದಿಟ್ಟ. ಬಿಡಿಸಿ ನೋಡಿದರೆ ಇಂಥವುಗಳಲ್ಲಿ ಸಾಮಾನ್ಯವಾಗಿ ಕಿವಿಗೊಂದರಂತೆ ಎರಡೇ ಸ್ಪೀಕರ್. ಉಳಿದದ್ದೆಲ್ಲ ಸಾಫ್ಟ್‌ವೇರಿನ ಕರಾಮತ್ತು. ಆ ಕರಾಮತ್ತು ವಿಂಡೋಸ್ 10 ಮತ್ತು 11ರಲ್ಲಿ ಪುಕ್ಕಟೆಯಾಗಿಯೇ ಇದೆ. ಎದುರಾಳಿಯ ಹೆಜ್ಜೆ ಎಡಕ್ಕೋ ಬಲಕ್ಕೋ ತಿಳಿಯಲು ಒಳ್ಳೆಯ ಸ್ಟೀರಿಯೋ ಸಾಕು.

ಬ್ಲೂಟೂತ್ ಬೇಡವೆಂದೆ. ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗವೋ ಎರಡು ಭಾಗವೋ ತಡವಾಗಿ ಬರುತ್ತದೆ. ಗುಂಡು ತಗುಲಿದ ಮೇಲೆ ಢಂ ಎಂದರೆ ಏನು ಬಂತು? ತಂತಿಯದೇ ಅಗ್ಗ. ಆದರೆ ಪಿನ್ ನೋಡಿ ಕೊಳ್ಳಬೇಕು. ಮೊಬೈಲಿಗೆ ಹೊಂದುವ ಒಂಟಿ ಪಿನ್ನಿನ ಮೈಕು, ಹಸಿರು-ಗುಲಾಬಿ ಎರಡು ತೂತಿನ ಹಳೆಯ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದಿಲ್ಲ. ಕವಲು ತಂತಿ ಬೇಕು. ಕ್ಯಾಬಿನೆಟ್ಟಿನ ಮುಂದಿನ ತೂತಿನಲ್ಲಿ ಗುಂಯ್ ಎಂದರೆ ಹಿಂದಿನದಕ್ಕೆ ಸಿಕ್ಕಿಸಿ ನೋಡಿ. ಮೈಕು ಬಾಯಿಯ ಹತ್ತಿರ ಬಾಗುವಂತಿರಲಿ. ಮೇಜಿನ ಮೇಲಿಡುವ ಮೈಕಾದರೆ ಇವನ ಜತೆ ಹೊಲಿಗೆ ಯಂತ್ರವೂ ಆಟಕ್ಕೆ ಸೇರುತ್ತದೆ.

ಕಿವಿದಿಂಬಿನದೇ ದೊಡ್ಡ ಚರ್ಚೆ. ರೆಕ್ಸಿನ್ ಸದ್ದು ಚೆನ್ನಾಗಿ ತಡೆಯುತ್ತದೆ, ಆದರೆ ಬಳ್ಳಾರಿಯ 40 ಡಿಗ್ರಿ ಬಿಸಿಲಿಗೆ ಬೆವರು ಸುರಿದು ಸಿಪ್ಪೆ ಏಳುತ್ತದೆ. ಬಟ್ಟೆಯದು ತಂಪು, ಸದ್ದು ಮಾತ್ರ ನುಸುಳುತ್ತದೆ. ಕೊನೆಗೆ ದಿಂಬು ಕಳಚಿ ಬದಲಿಸಬಹುದಾದ ರೆಕ್ಸಿನ್ನಿನದನ್ನೇ ತೆಗೆದುಕೊಂಡೆವು. ಅರ್ಧಕ್ಕಿಂತ ಹೆಚ್ಚು ಹಣ ಅದಕ್ಕೇ ಹೋಯಿತು.

ಉಳಿದದ್ದು ಬೇಗ ಮುಗಿಯಿತು. ಜೀನ್ಸಿನ ನೂಲು, ಅದಿರಿನ ಧೂಳು ಬೀಳುವ ಮನೆಗೆ ಸಾದಾ ಮೆಂಬ್ರೇನ್ ಕೀಬೋರ್ಡ್. ಟಕಟಕ ಎನ್ನುವ ಮೆಕ್ಯಾನಿಕಲ್ ಮಲಗಿದವರನ್ನು ಎಬ್ಬಿಸುತ್ತದೆ. ಮೌಸ್ ಕೈಗೆ ಹಿಡಿಸಿದರೆ ಆಯಿತು, ಸಾವಿರಾರು ಡಿಪಿಐ ಎಂಬ ಜಾಹೀರಾತಿಗೆ ದುಡ್ಡು ಸುರಿಯಬೇಕಿಲ್ಲ. ಬಿಲ್ಲು, ವಾರಂಟಿ ಚೀಟಿಗೆ ಮೊಹರು ಹಾಕಿಸಿಕೊಂಡೆವು. ಕೌಲು ಬಾಯಿಮಾತಿನಲ್ಲಿದ್ದರೆ ನಿಲ್ಲುವುದಿಲ್ಲ.

ಮನೆಯಲ್ಲಿ ಹುಡುಗನಿಗೆ ಒಂದೇ ಷರತ್ತು: ಯಂತ್ರ ನಿಂತಿದ್ದಾಗ ಹಿತವೆನಿಸುವ ವಾಲ್ಯೂಮ್ ಗುರುತು ಮಾಡಿಕೋ, ಯಂತ್ರ ಓಡುವಾಗ ಅದನ್ನು ದಾಟಬೇಡ. ಅವನು ತಂತಿ ಜೋಡಿಸುತ್ತಿದ್ದಾಗ ಅಪ್ಪ ಕುತೂಹಲದಿಂದ ಹೆಡ್‌ಸೆಟ್ಟನ್ನು ತನ್ನ ಕಿವಿಗೇ ಏರಿಸಿದ. ಪಕ್ಕದಲ್ಲಿ ಮೂರು ಯಂತ್ರಗಳು ಓಡುತ್ತಲೇ ಇದ್ದವು. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿದ:

"ಕರೆಂಟ್ ಹೋತೇನು?"