ಅಂಗಳದ ಮರ ಮತ್ತು ನೆರೆಮನೆಯ ಹಕ್ಕು

ನಮ್ಮ ಕರಾವಳಿಯಲ್ಲಿ ಮರವಿಲ್ಲದ ಮನೆಯಂಗಳ ವಿರಳ. ಐದು ಸೆಂಟ್ಸ್ ಜಾಗವಿದ್ದರೂ ಅಲ್ಲೊಂದು ತೆಂಗು, ಹಿತ್ತಲಿನಲ್ಲೊಂದು ಹಲಸು ಅಥವಾ ಮಾವು ಇದ್ದೇ ಇರುತ್ತದೆ. ಗಿಡ ನೆಟ್ಟವನಿಗೆ, ಅದರಿಂದ ಮನುಷ್ಯನು ತಿಂದರೂ ಹಕ್ಕಿ ತಿಂದರೂ ಪ್ರಾಣಿ ತಿಂದರೂ ಸದಕಾದ ಪುಣ್ಯವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇದನ್ನು ನಾವೆಲ್ಲ ಬಾಲ್ಯದಿಂದಲೇ ಕೇಳಿದ್ದೇವೆ. ಆದರೆ ನೆಟ್ಟ ಗಿಡ ಮರವಾಗಿ ಮಾಡಿನ ಮೇಲೆ ಬಾಗಿ ನಿಂತಾಗ ನಮ್ಮ ಹೊಣೆ ಏನೆಂಬುದರ ಕುರಿತು ಮಾತುಗಳು ಕಡಿಮೆ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಮುರಕಲ್ಲಿನ ನೆಲದಲ್ಲಿ ಬೇರು ಆಳಕ್ಕಿಳಿಯಲು ಕಷ್ಟಪಟ್ಟು ಅಗಲಕ್ಕೆ ಹರಡುತ್ತದೆ. ಮಣ್ಣು ನೆನೆದು ಸಡಿಲಗೊಂಡಿರುವಾಗ, ನೀರಿನಿಂದ ಭಾರವಾದ ಎಲೆಗಳ ಮೇಲೆ ಗಾಳಿ ಎರಗಿದರೆ ಮರ ಬುಡಸಮೇತ ಉರುಳಬಹುದು. ಸದಾ ತೇವವಿರುವ ಹವೆಯಲ್ಲಿ ಗಾಯಗಳಿಗೆ ಶಿಲೀಂಧ್ರವೂ ಬೇಗನೆ ತಗಲುತ್ತದೆ. ಹೊರಗೆ ಹಸಿರಾಗಿ ಕಾಣುವ ಮರ ಒಳಗೆ ಟೊಳ್ಳಾಗಿರುವುದುಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲತೀರದ ಹತ್ತಿರದಿಂದ ಹಾದುಹೋದಾಗ ಈ ಭಯ ಅನೇಕ ಮನೆಗಳನ್ನು ಹೊಕ್ಕಿತು.

ಅದರ ಮರುವರ್ಷ ಫೆಬ್ರುವರಿಯಲ್ಲಿ ನೆರೆಮನೆಯ ವೃದ್ಧೆಯೊಬ್ಬರು ನಮ್ಮಲ್ಲಿಗೆ ಬಂದರು. ಮರ್‌ಹೂಮ್ ತಂದೆಯವರು ನೆಟ್ಟ ಕಾಟುಮಾವಿನ ಒಂದು ದೊಡ್ಡ ಕೊಂಬೆ ಅವರ ಹಂಚಿನ ಮಾಡಿನತ್ತ ಚಾಚಿತ್ತು. “ಉಸ್ತಾದರೇ, ಹಣ್ಣು ನಾವೂ ತಿಂದಿದ್ದೇವೆ, ಮರದ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಗಾಳಿ ಬಂದ ರಾತ್ರಿ ಮೊಮ್ಮಕ್ಕಳನ್ನು ಎಬ್ಬಿಸಿ ಅಡುಗೆಕೋಣೆಯಲ್ಲಿ ಮಲಗಿಸುತ್ತೇನೆ” ಎಂದರು. ಅದು ದೂರಿನ ದನಿಯಾಗಿರಲಿಲ್ಲ. ಆದ್ದರಿಂದಲೇ ಆ ಮಾತು ನಮ್ಮ ಮನಸ್ಸಿನಲ್ಲಿ ಆಳವಾಗಿ ನಾಟಿತು.

ಮರವನ್ನೇ ಕಡಿಸಿಬಿಡಿ ಎಂಬುದು ಬಂಧುಗಳ ಸಲಹೆ. ಮರದ ವ್ಯಾಪಾರಿಯೊಬ್ಬರು ಬಂದು ಕಾಂಡದ ಸುತ್ತಳತೆ ನೋಡಿ, ಕೂಲಿಯಿಲ್ಲದೆ ಕಡಿದು ಒಯ್ಯುವುದಾಗಿಯೂ ಹೇಳಿದರು. ಆದರೆ ನಾವು ಮರ ಸವರುವುದನ್ನೇ ಕಸುಬಾಗಿಸಿಕೊಂಡ ಅನುಭವಿಯೊಬ್ಬರನ್ನು ಕರೆಸಿದೆವು.

ಅವರು ಬಂದೊಡನೆ ಕತ್ತಿ ಎತ್ತಲಿಲ್ಲ. ಮರಕ್ಕೆ ಎರಡು ಸುತ್ತು ಬಂದರು. ಬುಡದಲ್ಲಿ ಅಣಬೆ ಎದ್ದಿದೆಯೇ, ಮಣ್ಣು ಬಿರುಕುಬಿಟ್ಟಿದೆಯೇ ಎಂದು ನೋಡಿದರು. ಕೊಡಲಿಯ ಹಿಂಬದಿಯಿಂದ ಕಾಂಡವನ್ನು ತಟ್ಟಿ ಶಬ್ದಕ್ಕೆ ಕಿವಿಗೊಟ್ಟರು. ಕೊನೆಗೆ, “ಮರ ಗಟ್ಟಿಯಿದೆ ಉಸ್ತಾದರೇ, ಆ ಕವಲಿಗೆ ಮಾತ್ರ ಬಲವಿಲ್ಲ” ಎಂದರು. ಕೊಂಬೆ ತೀರಾ ಇಕ್ಕಟ್ಟಾದ ಕೋನದಲ್ಲಿ ಹುಟ್ಟಿ, ನಡುವೆ ತೊಗಟೆ ಸಿಕ್ಕಿಕೊಂಡಿತ್ತು. ಅಂಥ ಕವಲುಗಳು ಗಾಳಿಗೆ ಸೀಳುತ್ತವೆ.

ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ, ತುದಿಯಿಂದ ತುಂಡುತುಂಡಾಗಿ ಇಳಿಸಲಾಯಿತು. ಕಾಂಡದ ಹತ್ತಿರ ಬಂದಾಗ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಬಳಿಕ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದರು. ಹೀಗೆ ಮಾಡಿದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಸುಲಿಯುವುದಿಲ್ಲ. ಉಳಿದ ಮೋಟನ್ನು, ಕೊಂಬೆಯ ಬುಡದ ಉಬ್ಬಿದ ಉಂಗುರಕ್ಕೆ ಗಾಯವಾಗದಂತೆ ಅದರ ಹೊರಗಿನಿಂದ ತೆಗೆದರು. ನೆರೆಮನೆಯ ಒಂದು ಹಂಚೂ ಒಡೆಯಲಿಲ್ಲ. ಗಾಯಕ್ಕೆ ಟಾರು ಬಳಿಯಬೇಕೇ ಎಂದು ಕೇಳಿದೆವು. “ಉಂಗುರ ಉಳಿದಿದ್ದರೆ ಮರವೇ ಮುಚ್ಚಿಕೊಳ್ಳುತ್ತದೆ” ಎಂದರು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಕಂಡುಕೊಂಡದ್ದೂ ಇದನ್ನೇ: ಮರವು ಗಾಯದ ಸುತ್ತ ಒಳಗಿನಿಂದಲೇ ಗೋಡೆ ಕಟ್ಟಿ ಕೊಳೆತವನ್ನು ತಡೆಯುತ್ತದೆ, ಬಣ್ಣ ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ.

ಅನೇಕ ಮನೆಗಳಲ್ಲಿ ಮರದ ತಲೆಯನ್ನೇ ಕಡಿಯುವ ರೂಢಿಯಿದೆ. ಅಲ್ಲಿ ಚಿಗುರುವ ಹೊಸ ಕೊಂಬೆಗಳು ತೊಗಟೆಗೆ ಅಂಟಿಕೊಂಡಂತಿದ್ದು, ಬೆಳೆದ ಮೇಲೆ ಸುಲಭವಾಗಿ ಮುರಿಯುತ್ತವೆ. ಆವರಣ ಗೋಡೆಯ ಅಡಿಪಾಯಕ್ಕಾಗಿ ಒಂದು ಬದಿಯ ಬೇರುಗಳನ್ನೆಲ್ಲ ಕತ್ತರಿಸುವುದು, ಬುಡದವರೆಗೆ ಸಿಮೆಂಟ್ ಹಾಕುವುದು ಇನ್ನೂ ಅಪಾಯಕರ. ಒಣ ಕೊಂಬೆ, ಸೀಳಿದ ಕವಲು, ಬಂದಳಿಕೆ ಇವುಗಳನ್ನು ಮಳೆಗಾಲಕ್ಕೆ ಬಹಳ ಮೊದಲೇ, ಒಣ ದಿನಗಳಲ್ಲಿ ತೆಗೆಸಬೇಕು. ವಿದ್ಯುತ್ ತಂತಿ ಹತ್ತಿರವಿದ್ದರೆ ಸಂಬಂಧಪಟ್ಟ ಕಚೇರಿಗೆ ತಿಳಿಸಿ ಸಂಪರ್ಕ ತಪ್ಪಿಸಿದ ಬಳಿಕವೇ ಕೆಲಸ ನಡೆಯಬೇಕು. ಮರವನ್ನೇ ಉರುಳಿಸುವುದು ಅನಿವಾರ್ಯವಾದರೆ, ತೆಂಗಿನಂಥ ಕೆಲವು ಜಾತಿಗಳನ್ನು ಬಿಟ್ಟು ಉಳಿದವಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಪಡೆಯಬೇಕು.

ನೆರೆಯವರ ಹಕ್ಕಿನ ವಿಷಯವನ್ನು ನಮ್ಮ ಕರ್ಮಶಾಸ್ತ್ರ ಪಂಡಿತರು ಹಿಂದೆಯೇ ಚರ್ಚಿಸಿದ್ದಾರೆ. 19ನೇ ಶತಮಾನದ ಉಸ್ಮಾನಿಯಾ ಕಾನೂನು ಸಂಹಿತೆ ‘ಮಜಲ್ಲ’ದ ಪ್ರಕಾರ, ತನ್ನ ಮನೆಯತ್ತ ಚಾಚಿದ ಕೊಂಬೆಯನ್ನು ಕಟ್ಟಿಸುವ ಅಥವಾ ಕಡಿಸುವ ಹಕ್ಕು ನೆರೆಯವನಿಗಿದೆ. ಆದರೆ ನೆರಳಿನಿಂದ ತನ್ನ ತೋಟದ ಬೆಳೆಗೆ ತೊಂದರೆಯೆಂದು ಹೇಳಿ ಮರವನ್ನೇ ಕಡಿಸುವ ಹಕ್ಕು ಅವನಿಗಿಲ್ಲ. ನೆರೆಯವನ ನೆಮ್ಮದಿಯೂ ಉಳಿಯಬೇಕು, ಮರವೂ ಉಳಿಯಬೇಕು ಎಂಬ ನ್ಯಾಯ ಇದರಲ್ಲಿದೆ.

ಮೂರನೆಯ ಹಕ್ಕೊಂದಿದೆ, ಅದು ಮರವೇರುವವನದು. ಎತ್ತರದಲ್ಲಿ ನಿಂತು ದುಡಿಯುವವನ ಒಂದು ಹೆಜ್ಜೆ ತಪ್ಪಿದರೆ ಒಂದು ಕುಟುಂಬವೇ ಕುಸಿಯುತ್ತದೆ. ತೆಂಗು ಅಭಿವೃದ್ಧಿ ಮಂಡಳಿಯು ಯಂತ್ರದ ನೆರವಿನಿಂದ ಮರವೇರುವ ತರಬೇತಿಯನ್ನೂ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ನಡೆಸುತ್ತಿದೆ. ನಮ್ಮ ಮನೆಗೆ ಬರುವ ಕೆಲಸಗಾರರಿಗೆ ಈ ಮಾಹಿತಿಯನ್ನು ತಿಳಿಸೋಣ. ಸೊಂಟಕ್ಕೆ ಹಗ್ಗವಿಲ್ಲದೆ ಹತ್ತಲು ಒತ್ತಾಯಿಸದಿರೋಣ, ಮಳೆಯಲ್ಲಿ ಹತ್ತಿಸದಿರೋಣ. ಬೆವರಾರುವ ಮುನ್ನ ಕೂಲಿ ಕೊಡಬೇಕೆಂಬ ಬೋಧನೆ ಇಲ್ಲಿಗೂ ಅನ್ವಯಿಸುತ್ತದೆ. ಪರಿಣಿತನು ಕೇಳುವ ಕೂಲಿ ಹೆಚ್ಚೆನಿಸಬಹುದು. ಆದರೆ ಅದು ಅವನ ಕೈಚಳಕಕ್ಕೆ ಮಾತ್ರವಲ್ಲ, ಯಾವುದನ್ನು ಕಡಿಯಬಾರದೆಂಬ ತಿಳಿವಳಿಕೆಗೂ ಸಲ್ಲುವ ಬೆಲೆ.

ಮರ ನಮ್ಮ ಸೊತ್ತಲ್ಲ, ನಮ್ಮ ವಶದಲ್ಲಿರುವ ಅಮಾನತ್ತು. ಭಯದಿಂದ ಬುಡಕ್ಕೆ ಕೊಡಲಿ ಹಾಕುವುದೂ, ‘ಅಲ್ಲಾಹನಿದ್ದಾನೆ’ ಎಂದು ಬಿರುಕುಬಿಟ್ಟ ಕೊಂಬೆಯ ಕೆಳಗೆ ಮಕ್ಕಳನ್ನು ಮಲಗಿಸುವುದೂ ಆ ಅಮಾನತ್ತಿಗೆ ಸಲ್ಲುವ ನಡೆಯಲ್ಲ. ಒಂಟೆಯನ್ನು ಕಟ್ಟಿ, ಬಳಿಕ ಭರವಸೆ ಇಡಬೇಕೆಂದು ನಮಗೆ ಕಲಿಸಲಾಗಿದೆ. ಮುಂದಿನ ಮುಂಗಾರಿಗೆ ಮುನ್ನ ಒಮ್ಮೆ ನಮ್ಮ ನಮ್ಮ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡೋಣ. ನೆರೆಮನೆಯ ಕಡೆಯಿಂದಲೂ ಒಮ್ಮೆ ನೋಡೋಣ. ನಮ್ಮ ಮರಗಳನ್ನು ನೆಟ್ಟವರಿಗೆ ಸದಕಾ ಆಗಿಯೂ ನೆರೆಯವರಿಗೆ ನೆರಳಾಗಿಯೂ ಅಲ್ಲಾಹನು ಉಳಿಸಿಕೊಡಲಿ. ಆಮೀನ್.