ಬಚ್ಚಲಿನ ಮೇಲೆ ಕಟ್ಟಿದ ಗ್ರಂಥಾಲಯ

ಪ್ರೀತಿಯ ಅಪ್ಪ,

ಬ್ರಾಡಕ್‌ನ ಗ್ರಂಥಾಲಯದ ಕೆಳಗೆ ಬಚ್ಚಲುಮನೆ ಕಟ್ಟಿದ್ದರು ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ನಂಬಲಿಲ್ಲ. ನೀನು ಮಾತ್ರ ‘ಕಟ್ಟಲೇಬೇಕಲ್ಲ’ ಅಂದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ದುಡಿದವನು ನೀನು; ಶಿಫ್ಟು ಮುಗಿಸಿ ಬಂದು ಉಗುರಿನ ಸಂದಿಯ ಮಸಿ ಹೋಗುವವರೆಗೂ ಕೈ ತಿಕ್ಕಿಕೊಂಡು ಆಮೇಲೇ ಪೇಪರು ಮುಟ್ಟುತ್ತಿದ್ದವನು. ಈ ಕಟ್ಟಡದ ಕಥೆ ಪೂರ್ತಿ ಹೇಳುವುದಾದರೆ ನಿನಗೇ ಹೇಳಬೇಕು ಅನ್ನಿಸಿತು.

ಪಿಟ್ಸ್‌ಬರ್ಗ್ ದಾಟಿ ಮೊನಾಂಗಹೇಲಾ ನದಿಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಬ್ರಾಡಕ್ ಸಿಗುತ್ತದೆ. ಆಂಡ್ರ್ಯೂ ಕಾರ್ನೆಗಿಯ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆ 1875ರಲ್ಲಿ ಶುರುವಾದದ್ದು ಇಲ್ಲೇ. ಅದರ ಕುಲುಮೆ ಇವತ್ತಿಗೂ ಉರಿಯುತ್ತಿದೆ. 1889ರ ಮಾರ್ಚ್ 30ರಂದು ಕಾರ್ನೆಗಿ ತಾನೇ ಬಂದು ಈ ಗ್ರಂಥಾಲಯವನ್ನು ಊರಿಗೆ ಒಪ್ಪಿಸಿದ. ಅವನ ಹಣದಿಂದ ಅಮೆರಿಕದಲ್ಲಿ ಎದ್ದ 1,600ಕ್ಕೂ ಹೆಚ್ಚು ಗ್ರಂಥಾಲಯಗಳಲ್ಲಿ ಮೊದಲು ಬಾಗಿಲು ತೆರೆದದ್ದು ಇದು. ನಕ್ಷೆ ಬರೆದವನು ವಿಲಿಯಂ ಹಾಲ್ಸಿ ವುಡ್. ಕಲ್ಲಿನ ಗೋಡೆ, ಯುರೋಪಿನ ಹಳೇ ಕಾಲದ ಕೋಟೆಯ ಗತ್ತು. ಆದರೆ ನನ್ನ ಕಣ್ಣು ಹೋಗುವುದು ಮುಂದಿನ ಮೆಟ್ಟಿಲುಗಳ ಕಡೆಗೆ. ಅವುಗಳ ಅಡಿಯಲ್ಲಿ ಒಂದು ಸುರಂಗದ ದಾರಿ ಇತ್ತು. ಕೆಲಸ ಮುಗಿಸಿ ಬಂದವರು ಆ ದಾರಿಯಲ್ಲಿ ನೆಲಮಾಳಿಗೆಗೆ ಇಳಿದು, ಮೈ ತೊಳೆದುಕೊಂಡು, ಆಮೇಲೆ ಮೇಲೆ ಹತ್ತಬಹುದಿತ್ತು. ಮನೆಯಲ್ಲಿ ನಲ್ಲಿ ಇಲ್ಲದ ಊರಿನವರೂ ಇಲ್ಲೇ ಸ್ನಾನ ಮಾಡುತ್ತಿದ್ದರು. ಮೇಲೆ ಪುಸ್ತಕ, ಜೊತೆಗೆ ಬಿಲಿಯರ್ಡ್ಸ್ ಮೇಜು. 1893ರಲ್ಲಿ ಕಟ್ಟಡವನ್ನು ಎರಡರಷ್ಟು ದೊಡ್ಡದು ಮಾಡಿ, 964 ಮಖಮಲ್ಲಿನ ಕುರ್ಚಿಗಳ ಸಂಗೀತ ಸಭಾಂಗಣ, ವ್ಯಾಯಾಮ ಶಾಲೆ, ಈಜುಕೊಳ ಎಲ್ಲ ಸೇರಿಸಿದರು. ಕೂಲಿಯವನು ಮಖಮಲ್ಲಿನ ಮೇಲೆ ಕೂತು ಸಂಗೀತ ಕೇಳಲಿ ಅಂತ ಯಾರಾದರೂ ಯೋಚಿಸಿದ್ದಾರಲ್ಲ, ಅದು ಸಣ್ಣ ಮಾತಲ್ಲ.

ಈಗ ಇನ್ನೊಂದು ವಿಷಯ. ಇದನ್ನು ಓದುವಾಗ ನಿನಗೆ ಸಿಟ್ಟು ಬರುತ್ತದೆ, ಗೊತ್ತು.

ಈ ಕಾರ್ಖಾನೆಯಲ್ಲಿ ಮೊದಲು ಎಂಟು ಗಂಟೆಯ ಪಾಳಿ ನಡೆಯುತ್ತಿತ್ತು. ಬಿಲ್ ಜೋನ್ಸ್ ಅಂತ ಅಲ್ಲಿನ ಸೂಪರಿಂಟೆಂಡೆಂಟ್. ಕುಲುಮೆಯ ಮುಂದೆ ಮನುಷ್ಯ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಲಾರ ಅಂತ ಒಪ್ಪಿಸಿ ಅದನ್ನು ತಂದವನು ಅವನು. 1888ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು, ಪಿಂಕರ್ಟನ್ ಅನ್ನುವ ಖಾಸಗಿ ಸಂಸ್ಥೆಯ ಕಾವಲಿನವರು ಬಂದರು, ಕೊನೆಗೆ ಕಾರ್ಮಿಕರು ಸೋತು ಹನ್ನೆರಡು ಗಂಟೆಯ ಪಾಳಿಗೆ ಮರಳಿದರು. ಗ್ರಂಥಾಲಯ ತೆರೆದದ್ದು ಅದರ ಮರುವರ್ಷ. ಅದೇ 1889ರ ಸೆಪ್ಟೆಂಬರ್‌ನಲ್ಲಿ ಕುಲುಮೆ ಸಿಡಿದು ಜೋನ್ಸ್ ಸತ್ತ. ಅಮೆರಿಕದ ಉಕ್ಕಿನ ಕಾರ್ಖಾನೆಗಳು ಹನ್ನೆರಡು ಗಂಟೆಯ ದುಡಿಮೆಯನ್ನು ಬಿಡಲು 1923ರವರೆಗೆ ಕಾಯಬೇಕಾಯಿತು. ನಿಮ್ಮ ಭದ್ರಾವತಿಯಲ್ಲಿ ಕಬ್ಬಿಣ ಕರಗಲು ಶುರುವಾದದ್ದೂ ಆ ವರ್ಷವೇ. ಹನ್ನೆರಡು ಗಂಟೆ ಬೆಂಕಿಯ ಮುಂದೆ ನಿಂತವನು ಮೈ ತೊಳೆದುಕೊಂಡು ಮೆಟ್ಟಿಲು ಹತ್ತಿ ಪುಸ್ತಕ ತೆರೆದರೆ ಎಷ್ಟು ಪುಟ ಓದಿಯಾನು ಅಪ್ಪ?

ಹೀಗೆ ದುಡಿಸಿ ಗಳಿಸಿದ್ದನ್ನು ಗ್ರಂಥಾಲಯವಾಗಿ ಕೊಡುವುದಕ್ಕೆ ಕಾರ್ನೆಗಿ ಒಂದು ಸಮರ್ಥನೆ ಇಟ್ಟುಕೊಂಡಿದ್ದ. ಗ್ರಂಥಾಲಯ ತೆರೆದ ಮೂರು ತಿಂಗಳಿಗೆ, ಜೂನ್‌ನಲ್ಲಿ, ಒಂದು ಲೇಖನ ಬರೆದ. ಸಂಪತ್ತನ್ನು ಚಿಲ್ಲರೆ ಚಿಲ್ಲರೆಯಾಗಿ ಜನರಿಗೆ ಹಂಚಿದರೆ ಹೊಟ್ಟೆಬಟ್ಟೆಗೆ, ಚಟಕ್ಕೆ ಕರಗಿಹೋಗುತ್ತದೆ. ಒಬ್ಬನ ಕೈಯಲ್ಲಿ ಕೂಡಿ ಊರಿಗೆಲ್ಲ ಉಪಯೋಗವಾಗುವ ಸಂಸ್ಥೆಯಾದರೆ ಉಳಿಯುತ್ತದೆ ಅನ್ನುವುದು ಅದರ ತಾತ್ಪರ್ಯ. ಈ ವಾದ ನನಗೆ ಒಪ್ಪಿಗೆಯಿಲ್ಲ. ದುಡಿದವನ ಸಂಬಳವನ್ನು ಅವನು ಹೇಗೆ ಖರ್ಚು ಮಾಡಬೇಕು ಅಂತ ತೀರ್ಮಾನಿಸುವ ಹಕ್ಕು ಇನ್ನೊಬ್ಬನಿಗೆ ಇಲ್ಲ. ಆದರೂ ಅವನ ಪುಸ್ತಕಪ್ರೀತಿ ನಾಟಕವಾಗಿರಲಿಲ್ಲ. ಸ್ಕಾಟ್‌ಲೆಂಡಿನ ಡನ್‌ಫರ್ಮ್‌ಲಿನ್‌ನ ನೇಕಾರನ ಮಗ ಅವನು. ಉಗಿಮಗ್ಗ ಬಂದು ಅಪ್ಪನ ಕೈಮಗ್ಗ ನಿಂತುಹೋದ ಮೇಲೆ 1848ರಲ್ಲಿ ಇಲ್ಲಿಗೆ ಬಂದು, ಹತ್ತಿಗಿರಣಿಯಲ್ಲಿ ವಾರಕ್ಕೆ 1.20 ಡಾಲರಿಗೆ ಕೂಲಿ ಮಾಡಿದ ಹುಡುಗ. ಕರ್ನಲ್ ಆಂಡರ್ಸನ್ ಅನ್ನುವ ಒಬ್ಬ ದೊಡ್ಡ ಮನುಷ್ಯ ತನ್ನ 400 ಪುಸ್ತಕಗಳನ್ನು ಶನಿವಾರ ಶನಿವಾರ ದುಡಿಯುವ ಹುಡುಗರಿಗೆ ಎರವಲು ಕೊಡುತ್ತಿದ್ದ. ಆ ಋಣವನ್ನು ಕಾರ್ನೆಗಿ ಸಾಯುವವರೆಗೆ ಮರೆಯಲಿಲ್ಲ. ಆ ಹುಡುಗನನ್ನು ನಾನು ಪ್ರೀತಿಸುತ್ತೇನೆ, ಆ ಯಜಮಾನನನ್ನು ಕ್ಷಮಿಸಲಾರೆ.

ಉಕ್ಕಿನ ಕೆಲಸ ಕರಗಿದಂತೆ ಊರೂ ಕರಗಿತು. 1920ರಲ್ಲಿ 20,879 ಜನರಿದ್ದ ಬ್ರಾಡಕ್‌ನಲ್ಲಿ 2020ರ ಗಣತಿಗೆ ಉಳಿದವರು 1,721. ನದಿಯ ಮೇಲ್ಭಾಗದ ಡುಕೇನ್ ಊರಿನ ಕಾರ್ನೆಗಿ ಗ್ರಂಥಾಲಯವನ್ನು 1968ರಲ್ಲೇ ಕೆಡವಿಹಾಕಿದ್ದರು. ಬ್ರಾಡಕ್‌ನ ಗ್ರಂಥಾಲಯಕ್ಕೆ 1974ರಲ್ಲಿ ಬೀಗ ಬಿತ್ತು, ಮುಂದಿನ ಸರದಿ ಇದರದ್ದೇ ಆಗಿತ್ತು. ಆಗ ಅಡ್ಡ ನಿಂತವನು ಇಲ್ಲಿನ ಕೊನೆಯ ಗ್ರಂಥಪಾಲಕ ಡೇವಿಡ್ ಸಾಲೊಮನ್. ಕೆಲಸ ಹೋಗಿತ್ತು, ಸಂಬಳ ನಿಂತಿತ್ತು, ಆದರೂ ಕಟ್ಟಡದ ಹೊಣೆ ತನ್ನದು ಅಂದುಕೊಂಡ. ಅವನ ಪಟ್ಟಿನಿಂದ ಅದು ಕೆಡವುವವರ ಕೈಯಿಂದ ತಪ್ಪಿ, ಊರಿನ ಇತಿಹಾಸ ಸಂಘದ ಆಶ್ರಯಕ್ಕೆ ಬಂತು. 1983ರಲ್ಲಿ ಮತ್ತೆ ಬಾಗಿಲು ತೆರೆಯಿತು, ಮಕ್ಕಳ ವಿಭಾಗ ಮಾತ್ರ. ಎಲ್ಲವನ್ನೂ ಒಟ್ಟಿಗೆ ತೆರೆಯಲು ಆಗದಿದ್ದಾಗ ಮೊದಲು ಮಕ್ಕಳಿಗೆ ತೆರೆದರಲ್ಲ, ಆ ವಿವೇಕಕ್ಕೆ ನನ್ನ ತಲೆ ಬಾಗುತ್ತದೆ. 2012ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಅಂತ ಘೋಷಿಸಿದರು. ನೆಲಮಾಳಿಗೆಯ ಬಚ್ಚಲನ್ನು ಕುಂಬಾರಿಕೆಯ ಕೋಣೆ ಮಾಡಿಕೊಂಡರು. ಲೈಬ್ರರಿ ಕಾರ್ಡು ತೋರಿಸಿದರೆ ಪುಸ್ತಕದ ಹಾಗೆ ಚಿತ್ರಕಲೆಯನ್ನೂ ಮನೆಗೆ ಒಯ್ದು ಗೋಡೆಗೆ ತೂಗುಹಾಕಿಕೊಳ್ಳುವ ವ್ಯವಸ್ಥೆಯನ್ನು 2013ರಲ್ಲಿ ತಂದರು. ಕಾರ್ನೆಗಿಯ ಹೆಸರಿರುವ ಕಟ್ಟಡ, ನಿಜ. ನನ್ನ ಲೆಕ್ಕದಲ್ಲಿ ಇದು ಸಾಲೊಮನ್ನನದು, ಅದಕ್ಕೂ ಮೊದಲು ಆ ಹನ್ನೆರಡು ಗಂಟೆಗಳದು.

ನಿನ್ನನ್ನು ಒಂದು ಮಾತು ಕೇಳಬೇಕು. 1889ರಲ್ಲಿ ನೀನು ಆ ಕಾರ್ಖಾನೆಯ ಕೂಲಿಯಾಗಿದ್ದು, ಇಂಥ ಗ್ರಂಥಾಲಯ ಬೇಕೋ, ಕಳೆದುಕೊಂಡ ನಾಲ್ಕು ಗಂಟೆ ವಾಪಸು ಬೇಕೋ ಅಂತ ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆ? ನಾನು ನಾಲ್ಕು ಗಂಟೆ ಅನ್ನುತ್ತೇನೆ. ಆದರೆ ನಾನು ಕುಲುಮೆಯ ಮುಂದೆ ನಿಂತವಳಲ್ಲ. ಫೋನಿನಲ್ಲಿ ಹೇಳಬೇಡ, ಕೂತು ಯೋಚಿಸಿ ಬರೆದು ಕಳಿಸು.

ನಿನ್ನ ಮಗಳು